ಹನ್ನೊಂದು ಹಲಗೆಯ ಅಂಗಡಿ: ಕುಮಟಾ ಪೇಟೆಯ ಒಂದು ದುರಸ್ತಿಯ ದಿನಚರಿ

ನಮ್ಮ ಅಂಗಡಿಯ ಮುಂಭಾಗಕ್ಕೆ ಬಾಗಿಲು ಎನ್ನುವುದಿಲ್ಲ, ಹನ್ನೊಂದು ಹಲಗೆಗಳಿವೆ. ರಾತ್ರಿ ಒಂದೊಂದೇ ಹಲಗೆಯನ್ನು ಮೇಲಿನ ತೊಲೆಯ ಆಳವಾದ ತೋಡಿಗೆ ಎತ್ತಿ ಕೊಟ್ಟು, ನೆಟ್ಟಗೆ ಮಾಡಿ, ಹೊಸ್ತಿಲಿನ ತೋಡಿಗೆ ಇಳಿಸಬೇಕು. ಹನ್ನೊಂದೂ ಕೂತ ಮೇಲೆ ಅಡ್ಡಕ್ಕೆ ಕಬ್ಬಿಣದ ಪಟ್ಟಿ, ಅದಕ್ಕೊಂದು ಬೀಗ. ಅಜ್ಜ ಇಷ್ಟನ್ನೂ ಐದು ನಿಮಿಷದೊಳಗೆ ಮುಗಿಸುತ್ತಿದ್ದರು. ಹಲಗೆ ಇಳಿದಾಗ ಬರುವ ‘ಧಡ್’ ಸದ್ದು ಕೇಳಿಯೇ ಆಚೆ ಬೀದಿಯವರು ಎಂಟೂವರೆ ಆಯಿತು ಎನ್ನುತ್ತಿದ್ದರಂತೆ.

ದೊಡ್ಡಪ್ಪ ತೀರಿಕೊಂಡ ಮೇಲೆ ಎರಡು ಮಳೆಗಾಲ ಅಂಗಡಿ ಮುಚ್ಚಿಯೇ ಇತ್ತು. 2023ರ ದೀಪಾವಳಿಗೆ ಊರಿಗೆ ಹೋದಾಗ ಅಣ್ಣ (ದೊಡ್ಡಪ್ಪನ ಮಗ) ಒಂದು ನಕ್ಷೆ ತೋರಿಸಿದ: ಹಳೆಯದನ್ನು ಕೆಡವಿ, ಆರ್‌ಸಿಸಿ ಕಟ್ಟಡ, ಕೆಳಗೆ ಮೂರು ಮಳಿಗೆ, ಮೂರಕ್ಕೂ ರೋಲಿಂಗ್ ಶಟರ್. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹಿಂಬದಿಯ ಗೋಡೆ ಸೊಂಟದೆತ್ತರಕ್ಕೆ ಉದುರುತ್ತಿತ್ತು, ಮೆತ್ತಿನ (ಮೇಲಿನ ಅಟ್ಟದ) ಮೇಲೆ ನಾಲ್ಕು ಕಡೆ ಸೋರುತ್ತಿತ್ತು, ಒಂದು ಮೂಲೆಯಲ್ಲಿ ಒರಲೆ ಹುತ್ತ ಕಟ್ಟಿತ್ತು. ನಾನು ಒಂದು ವರ್ಷ ಸಮಯ ಕೇಳಿದೆ. “ಒಂದು ಮಳೆಗಾಲ ತಡೆದುಕೊಂಡರೆ ಮಾತಾಡೋಣ” ಎಂದ. ಈ ಟಿಪ್ಪಣಿ ಆ ಒಂದು ವರ್ಷದ್ದು. ಹಳೆಯ ಅಂಗಡಿ ಇಟ್ಟುಕೊಂಡು ಏನು ಮಾಡುವುದೆಂದು ಯೋಚಿಸುತ್ತಿರುವ ಶಿರಸಿ, ಹೊನ್ನಾವರ, ಅಂಕೋಲಾದ ಮನೆಯವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಕಾಗದ, ಆಮೇಲೆ ಸುತ್ತಿಗೆ

ನನ್ನ ಕೆಲಸ ಹುಬ್ಬಳ್ಳಿಯಲ್ಲಿ. ಶನಿವಾರ ಮಧ್ಯಾಹ್ನ ಬಸ್ಸು ಹಿಡಿದರೆ ರಾತ್ರಿ ಊರು. ಮೊದಲ ಮೂರು ವಾರಾಂತ್ಯ ಒಂದು ಮೊಳೆಯನ್ನೂ ಮುಟ್ಟಲಿಲ್ಲ. ಅಳತೆ ಹಿಡಿದೆ, ಪ್ರತಿ ಗೋಡೆಯ ಫೋಟೋ ತೆಗೆದೆ. ಮುಂಭಾಗ 22 ಅಡಿ, ಆಳ 54 ಅಡಿ, ಚಿರೇಕಲ್ಲಿನ (ಜಂಬಿಟ್ಟಿಗೆ) ಗೋಡೆ 18 ಇಂಚು ದಪ್ಪ. ಮುಂದೆ ಜಗಲಿ, ನಡುವೆ ಅಂಗಡಿ, ಹಿಂದೆ ಉಗ್ರಾಣ, ಮೇಲೆ ಮರದ ಮೆತ್ತು.

ಆಮೇಲೆ ಒಂದು ಪುಟ ಬರೆದೆ: ಈ ಕಟ್ಟಡದಲ್ಲಿ ಏನು ಹೋದರೆ ಅದು ಈ ಕಟ್ಟಡವಾಗಿ ಉಳಿಯುವುದಿಲ್ಲ? ಈ ಕ್ರಮ ನನ್ನದಲ್ಲ. ಆಸ್ಟ್ರೇಲಿಯಾದ ಬರ್ರಾ ಎಂಬ ಗಣಿ ಊರಿನಲ್ಲಿ 1979ರಲ್ಲಿ ಒಪ್ಪಿಕೊಂಡ, ಹಳೆಯ ಕಟ್ಟಡಗಳ ಸಂರಕ್ಷಣೆಯ ಬರ್ರಾ ಸನ್ನದು ಹೇಳುವುದು ಇದನ್ನೇ. ಕಟ್ಟಡದ ಮಹತ್ವ ಎಲ್ಲಿದೆ ಎಂದು ಮೊದಲು ತಿಳಿ, ಆಮೇಲೆ ಅಗತ್ಯವಿದ್ದಷ್ಟೇ ಮಾಡು, ಆದಷ್ಟು ಕಡಿಮೆ ಬದಲಿಸು. ಮಹತ್ವ ಅಂದರೆ ನೋಟದ ಚಂದ ಮಾತ್ರ ಎಂದುಕೊಂಡಿದ್ದರೆ ನಮ್ಮ ಅಂಗಡಿಯ ಪುಟ ಖಾಲಿ ಉಳಿಯುತ್ತಿತ್ತು. ಕೆತ್ತನೆಯ ಕಂಬವಿಲ್ಲ, ಬಣ್ಣದ ಗಾಜಿಲ್ಲ. ಇರುವುದು ಹಲಗೆ, ಸವೆದ ಹೊಸ್ತಿಲು, ಮೆತ್ತಿನ ನೆಲದಲ್ಲಿ ಮೂರಡಿ ಚೌಕದ ಒಂದು ಕಂಡಿ, ಅದರ ನೇರಕ್ಕೆ ಮೇಲಿನ ತೊಲೆಯಲ್ಲಿ ಒಂದು ಕೊಕ್ಕೆ. ಚೀಲ ಎಳೆದೂ ಎಳೆದೂ ಹಗ್ಗ ಉಜ್ಜಿದ ಕಡೆ ತೊಲೆ ಹೆಬ್ಬೆರಳು ಕೂರುವಷ್ಟು ಸವೆದಿದೆ. ವ್ಯಾಪಾರ ನಡೆದ ಗುರುತುಗಳೇ ಇದರ ಆಸ್ತಿ. ಪುಟದ ತುಂಬ ಅವನ್ನೇ ಬರೆದೆ.

ಪೇಟೆಯ ಕತೆಯೂ ಆ ಪುಟದಲ್ಲಿ ಬಂತು. ಇವತ್ತು ಕುಮಟಾ ಎಂದರೆ ಹೆದ್ದಾರಿಯಲ್ಲಿ ಬಸ್ಸು ನಿಲ್ಲುವ ಊರು. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಇಲ್ಲಿಗೆ ಬಂದು, ಇಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಸರಕಿಗೆ ಬಂದ ಹೆಸರು ‘ಕುಮಟಾ ಹತ್ತಿ’. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅದರ ಹಿಂದೆಯೂ ಈ ಬಂದರುಗಳ ಮತ್ತು ಹತ್ತಿಯ ಲೆಕ್ಕಾಚಾರವಿತ್ತು. 1880ರ ದಶಕದಲ್ಲಿ ಹುಬ್ಬಳ್ಳಿಯ ಕಡೆಯಿಂದ ಲೋಂಡಾ ಹಾದು ಮರ್ಮಗೋವಾಕ್ಕೆ ರೈಲು ಬಂದ ಮೇಲೆ ಹತ್ತಿಗೆ ಘಟ್ಟ ಇಳಿಯುವ ಅಗತ್ಯ ಉಳಿಯಲಿಲ್ಲ. ಪೇಟೆ ಅಡಿಕೆ, ಅಕ್ಕಿ, ತೆಂಗು, ಕಿರಾಣಿಗೆ ಹೊರಳಿತು. ನಮ್ಮ ಅಂಗಡಿಯಲ್ಲಿ ಹತ್ತಿ ಇತ್ತು ಎನ್ನಲು ನನ್ನ ಬಳಿ ಆಧಾರವಿಲ್ಲ, ಹಾಗಾಗಿ ಹತ್ತಿಯ ಅಂಗಡಿ ಎಂದು ಬರೆಯಲಿಲ್ಲ. ಸರಕು ಮೇಲೆತ್ತುವ ಕಂಡಿ, ಗಾಳಿಯಾಡುವ ಉಗ್ರಾಣ, ಹಗಲಿಡೀ ಬೀದಿಗೆ ಪೂರ್ತಿ ತೆರೆದುಕೊಳ್ಳುವ ಮುಂಭಾಗ, ಇವೆಲ್ಲ ಬಂದರು ಪೇಟೆಯ ವ್ಯಾಪಾರಕ್ಕೆಂದು ಕಟ್ಟಿದ ಕಟ್ಟಡದ ಅಂಗಗಳು ಎಂದು ಬರೆದೆ.

ಹಂಚು ಹೇಳಿದ ವರ್ಷ

ಮನೆಯಲ್ಲಿ ಎಲ್ಲರ ಬಾಯಲ್ಲೂ ಅಂಗಡಿಗೆ ಒಂದೇ ವಯಸ್ಸು: ‘1865ರದ್ದು’. ಕಾರಣ, ಮಾಡಿನ (ಛಾವಣಿಯ) ಹಂಚಿನ ಬೆನ್ನಲ್ಲಿ ಇಂಗ್ಲಿಷಿನಲ್ಲಿ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ) ಎಂದೂ ಪಕ್ಕದಲ್ಲಿ 1865 ಎಂದೂ ಅಚ್ಚಾಗಿದೆ. ಕರಾವಳಿಯಲ್ಲಿ ನೂರಾರು ಮನೆಗಳ ವಯಸ್ಸನ್ನು ಹೀಗೇ ಹೇಳುತ್ತಾರೆ. ಆ ವರ್ಷ ಹಂಚು ಸುಟ್ಟ ವರ್ಷವಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಮುಂದೆ ದಶಕಗಳ ಕಾಲ ಅಚ್ಚಿನಲ್ಲಿ ಅದೇ ಉಳಿಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಮಿಶನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಮಿಶನ್ನಿನ ಹೆಸರಿರುವ ಹಂಚು ಸುಮಾರು ನೂರು ವರ್ಷ ದಾಟಿದೆ ಎನ್ನಬಹುದು, ಅದಕ್ಕಿಂತ ಖಚಿತವಾಗಿ ಹೇಳಲಾಗದು.

ಕಟ್ಟಡ ಹಂಚಿಗಿಂತ ಹಳೆಯದು ಎಂದು ತಿಳಿದದ್ದು ಮಾಡು ಬಿಚ್ಚಿದಾಗ. ಮಂಗಳೂರು ಹಂಚಿಗೆ ರೀಪಿನಿಂದ ರೀಪಿಗೆ (ಹಂಚು ಕೂರುವ ಅಡ್ಡಪಟ್ಟಿ) 12ರಿಂದ 13 ಇಂಚು ಬೇಕು. ನಮ್ಮ ಪಕಾಸುಗಳ (ರೀಪನ್ನು ಹೊರುವ ಓರೆ ಮರಗಳ) ಮೇಲೆ ಆ ಅಂತರಕ್ಕೆ ತಾಳೆಯಾಗದ ಇನ್ನೊಂದು ಸಾಲು ಮೊಳೆತೂತುಗಳಿದ್ದವು, ಐದಾರು ಇಂಚಿಗೊಂದು. ಅವುಗಳಲ್ಲಿ ಮೂರರಲ್ಲಿ ಮೊಳೆಯೇ ಮುರಿದು ಉಳಿದಿತ್ತು: ಕಮ್ಮಾರ ಬಡಿದು ಮಾಡಿದ ಚೌಕದ ಮೊಳೆ. ಸೂರಿನ ಮೂಲೆಯಲ್ಲಿ ಗೂಡು ಮುಚ್ಚಲು ತುರುಕಿದ್ದ, ಕುಂಬಾರರು ಮಾಡುವ ನಾಡಹಂಚಿನ ಚೂರುಗಳೂ ಸಿಕ್ಕಿದವು. ಅಂದರೆ ಇದೇ ಪಕಾಸುಗಳ ಮೇಲೆ ಮೊದಲು ನಾಡಹಂಚಿನ ಮಾಡಿತ್ತು. ಆ ಮೊಳೆಗಳನ್ನು ಕೀಳದೆ ಅಲ್ಲೇ ಬಿಟ್ಟಿದ್ದೇವೆ.

ಅಣ್ಣನಿಗೆ ಇದನ್ನು ಹೇಳಿದಾಗ ಮೊದಲ ಬಾರಿಗೆ ಮೆತ್ತು ಹತ್ತಿ ಬಂದು ಟಾರ್ಚು ಹಿಡಿದು ನೋಡಿದ. “ಹಾಗಾದರೆ ಸರ್ಕಾರದವರು ಇದನ್ನು ಸ್ಮಾರಕ ಅಂತ ಮಾಡಿ ನಮ್ಮ ಕೈ ಕಟ್ಟುತ್ತಾರಾ?” ಎಂದು ಕೇಳಿದ. ಈ ಭಯ ಬಹಳ ಮನೆಗಳಲ್ಲಿದೆ. 1958ರ ಕೇಂದ್ರ ಕಾಯ್ದೆಯಂತೆ ಪ್ರಾಚೀನ ಸ್ಮಾರಕ ಎನಿಸಲು ಕನಿಷ್ಠ 100 ವರ್ಷ ಆಗಿರಬೇಕು ನಿಜ. ಆದರೆ ನೂರು ತುಂಬಿದ ಮಾತ್ರಕ್ಕೆ ಯಾವ ಕಟ್ಟಡವೂ ತಾನಾಗಿ ಸಂರಕ್ಷಿತವಾಗುವುದಿಲ್ಲ, ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಮಿರ್ಜಾನ ಕೋಟೆಗೆ ಫಲಕ ಇದೆ. ಅದೇ ಚಿರೇಕಲ್ಲಿನಲ್ಲಿ ಕಟ್ಟಿದ ಪೇಟೆಯ ಅಂಗಡಿಗೆ ಅದರ ಮನೆಯವರನ್ನು ಬಿಟ್ಟರೆ ಕಾಯುವವರಿಲ್ಲ.

ಸಿಮೆಂಟು ತೆಗೆದದ್ದು

ದುರಸ್ತಿಯಲ್ಲಿ ಅತಿ ಹೆಚ್ಚು ದಿನ ತಿಂದದ್ದು ಹಿಂಗೋಡೆ. ಸುಮಾರು ಮೂವತ್ತು ವರ್ಷದ ಹಿಂದೆ ಗೋಡೆ ಬೆವರುತ್ತದೆ ಎಂದು ಯಾರೋ ಗುತ್ತಿಗೆದಾರರು ನೆಲದಿಂದ ನಾಲ್ಕಡಿ ಎತ್ತರಕ್ಕೆ ಸಿಮೆಂಟ್ ಗಿಲಾವು ಹೊಡೆದಿದ್ದರು. ಒಂದೆರಡು ವರ್ಷ ಗೋಡೆ ಒಣಗಿದಂತೆ ಕಂಡಿತು. ಆಮೇಲೆ ತೇವ ಆ ನಾಲ್ಕಡಿಯ ಮೇಲೆ ಕಾಣಿಸಿಕೊಂಡಿತು.

ಚಿರೇಕಲ್ಲು ತೂತುತೂತಿನ ಕಲ್ಲು. ನೆಲದ ನೀರನ್ನು ಹೀರುತ್ತದೆ, ಗಾಳಿ ತಾಗಿದರೆ ಬಿಡುತ್ತದೆ. ಹಳೆಯವರು ಅದಕ್ಕೆ ಸುಣ್ಣದ ಗಾರೆ ಹಾಕುತ್ತಿದ್ದದ್ದು ಸುಣ್ಣವೂ ಹಾಗೆಯೇ ತೇವವನ್ನು ಹೊರಗೆ ಬಿಡುತ್ತದೆ ಎಂದು. ಸಿಮೆಂಟು ಬಿಡುವುದಿಲ್ಲ. ನೀರು ಹೊರಗೆ ದಾರಿ ಕಾಣದೆ ಗೋಡೆಯೊಳಗೇ ಮೇಲೇರುತ್ತದೆ. ಸಮುದ್ರದ ಊರಾದ್ದರಿಂದ ಜೊತೆಗೆ ಉಪ್ಪೂ ಏರುತ್ತದೆ. ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಕಲ್ಲಿನ ಮೈಯನ್ನು ಒಡೆಯುತ್ತದೆ. ಸಿಮೆಂಟಿನ ಚಕ್ಕೆ ಎಬ್ಬಿಸಿದಾಗ ಅದರ ಹಿಂದೆ ಕಲ್ಲಿರಲಿಲ್ಲ, ಕೆಂಪು ಹಿಟ್ಟಿತ್ತು. ಕೈ ಹಾಕಿದರೆ ಗೋಧಿ ರವೆಯ ಹಾಗೆ ಸುರಿಯಿತು. ಒಂದು ಕಡೆ ನಾಲ್ಕು ಇಂಚು ಒಳಗೆ ಹೋಗಿತ್ತು. ನನಗೆ ಎದೆ ಹಾರಿತು. ಗೌಂಡಿ, ಎಪ್ಪತ್ತರ ಹತ್ತಿರದ ಮನುಷ್ಯ, ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ ಹೇಳಿದರು: “ಹೆದರಬೇಡ ತಮಾ. ಕಲ್ಲಿಗೆ ಉಸಿರು ಕಟ್ಟಿದ್ದಷ್ಟೇ. ಬಿಚ್ಚಿ ಬಿಡು, ಸುಧಾರ್ಸ್ತದೆ.”

ಬಿಚ್ಚಿದ್ದು ಪೂರ್ತಿ ಕೈಯಲ್ಲಿ, ಉಳಿ–ಸುತ್ತಿಗೆಯಲ್ಲಿ. ಬ್ರೇಕರ್ ಹಾಕಿದರೆ ಉಳಿದ ಕಲ್ಲೂ ಅಲುಗುತ್ತದೆ. ಹನ್ನೊಂದು ದಿನ ಹಿಡಿಯಿತು. ಆಮೇಲೆ ಎರಡು ತಿಂಗಳು ಗೋಡೆಯನ್ನು ಬತ್ತಲೆ ಬಿಟ್ಟೆವು, ಡಿಸೆಂಬರದಿಂದ ಫೆಬ್ರುವರಿ. ವಾರಕ್ಕೊಮ್ಮೆ ಒಣ ಬ್ರಷ್ಷಿನಿಂದ ಮೇಲೆ ಬಂದ ಬಿಳಿ ಉಪ್ಪನ್ನು ಗುಡಿಸಿ ತೆಗೆಯುವುದು. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೇ ಹೋಗುತ್ತದೆ. ಪೂರ್ತಿ ಹಾಳಾದ ಹದಿನಾಲ್ಕು ಕಲ್ಲುಗಳನ್ನು ಮಾತ್ರ ಬದಲಿಸಿದೆವು.

ಸುಣ್ಣ

ಸುಣ್ಣಕ್ಕೆ ದೂರ ಹೋಗಬೇಕಾಗಲಿಲ್ಲ. ಅಘನಾಶಿನಿಯ ಅಳಿವೆಯ ಬೆಳಚಿನ (ಒಂದು ಬಗೆಯ ಕಪ್ಪೆಚಿಪ್ಪು) ಚಿಪ್ಪು ನಮ್ಮ ಕಡೆಯ ಸುಣ್ಣದ ಮೂಲ. ಚಿಪ್ಪು ಹೆಚ್ಚೂಕಡಿಮೆ ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟ್. ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೋಗಿ, 100 ಕಿಲೋ ಚಿಪ್ಪಿಗೆ 56 ಕಿಲೋ ಸುಟ್ಟ ಸುಣ್ಣ ಉಳಿಯುವುದು ಲೆಕ್ಕ. ಗೋಡೆಯ ಮೇಲೆ ಅದು ಗಾಳಿಯಿಂದ ಅದೇ ಡೈಆಕ್ಸೈಡನ್ನು ಮರಳಿ ಹೀರಿ, ಚಿಪ್ಪಿನಲ್ಲಿದ್ದ ಅದೇ ಕಾರ್ಬೋನೇಟ್ ಆಗಿ ಗಟ್ಟಿಯಾಗುತ್ತದೆ. ಅದಕ್ಕೇ ಸುಣ್ಣಕ್ಕೆ ಅವಸರ ಆಗದು, ತಿಂಗಳುಗಟ್ಟಲೆ ಬೇಕು.

ಹಿತ್ತಿಲಲ್ಲಿ ಗುಂಡಿ ತೋಡಿ, ನೀರು ತುಂಬಿ, ಸುಟ್ಟ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಿದೆವು. ಹಾಕಿದ ಕೂಡಲೆ ಕೊತಕೊತ ಕುದಿಯುತ್ತದೆ. ಇದನ್ನು ಓದಿ ಮಾಡಹೊರಡುವವರು ನೆನಪಿಡಿ: ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ರಾಶಿಗೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ ಇಲ್ಲದೆ ಗುಂಡಿಯ ಹತ್ತಿರ ಹೋಗಲೇಬಾರದು, ಮಕ್ಕಳನ್ನು ಆ ದಿನ ಮನೆಯಲ್ಲಿಡಿ. ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಗೋಣಿಚೀಲ ಮುಚ್ಚಿ ನಲವತ್ತು ದಿನ ಬಿಟ್ಟೆವು. ತೆಗೆದಾಗ ಬೆಣ್ಣೆಯ ಹಾಗಿತ್ತು, ಕರಣೆಯಲ್ಲಿ ಎತ್ತಿದರೆ ಜಾರುತ್ತಿರಲಿಲ್ಲ.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಳೆಯ ಮರಳು. ಸಮುದ್ರದ ಮರಳು ಕೂಡದು, ಉಪ್ಪು ತೆಗೆದ ಗೋಡೆಗೆ ಉಪ್ಪನ್ನೇ ಕೊಟ್ಟಂತಾಗುತ್ತದೆ. ಬೆಲ್ಲದ ನೀರು ಹಾಕಬೇಕು ಎಂದು ಗೌಂಡಿ ಪಟ್ಟು ಹಿಡಿದರು. ಉಗ್ರಾಣದ ಮೂಲೆಯಲ್ಲಿ ಎರಡಡಿ ಚೌಕದ ಮೂರು ತುಂಡು ಮಾಡಿ ನೋಡಿದೆವು: ಬೆಲ್ಲವಿಲ್ಲದ್ದು, ಸ್ವಲ್ಪ ಹಾಕಿದ್ದು, ಜಾಸ್ತಿ ಹಾಕಿದ್ದು. ಜಾಸ್ತಿ ಹಾಕಿದ್ದು ವಾರವಾದರೂ ಅಂಟುಅಂಟಾಗಿ ಉಳಿದು ಇರುವೆ ಮುತ್ತಿದವು. ಬೆಲ್ಲವಿಲ್ಲದ್ದರಲ್ಲಿ ಕೂದಲೆಳೆಯ ಬಿರುಕು ಬಂತು. ಸ್ವಲ್ಪ ಹಾಕಿದ್ದೇ ಸರಿಹೋಯಿತು, ಗೌಂಡಿ ಹೇಳಿದ್ದೂ ಅಷ್ಟನ್ನೇ. ಎರಡು ಪದರ, ನಡುವೆ ಹನ್ನೆರಡು ದಿನದ ಬಿಡುವು. ಬಿಸಿಲು ನೇರ ಬೀಳದಂತೆ ಒದ್ದೆ ಗೋಣಿ ತೂಗುಹಾಕಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿದ್ದು ಅತ್ತಿಗೆ. ವಾರದ ನಡುವೆ ನಾನಿರುತ್ತಿರಲಿಲ್ಲ. ಅವರಿಲ್ಲದಿದ್ದರೆ ಆ ಗೋಡೆ ಬಿರಿದು ಹೋಗುತ್ತಿತ್ತು.

ಮಾಡು

ಹಂಚು ಇಳಿಸಿ, ತೊಳೆದು, ತಟ್ಟಿ ಸದ್ದು ಕೇಳಿ ಆರಿಸಿದೆವು. ಗಟ್ಟಿ ಹಂಚು ಕಂಚಿನಂತೆ ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ. ಆರರಲ್ಲಿ ಒಂದು ಹೋಯಿತು. ಆ ಕೊರತೆಗೆ ಮಿರ್ಜಾನದ ಕಡೆ ಕೆಡವಿದ ಮನೆಯೊಂದರ ಹಂಚು ಸಿಕ್ಕಿತು.

ಒಂಬತ್ತು ಪಕಾಸುಗಳ ತುದಿ ಸೂರಿನ ಹತ್ತಿರ ಕೊಳೆತು ಕುಂಬಾಗಿತ್ತು. ಇಡೀ ಪಕಾಸು ಬದಲಿಸುವುದು ಸುಲಭ, ಅಗ್ಗವೂ ಹೌದು. ಆದರೆ ಎರಡಡಿ ಹಾಳಾದದ್ದಕ್ಕೆ ಹನ್ನೆರಡಡಿ ಒಳ್ಳೆಯ ಮರ ತೆಗೆಯಲು ಮನಸ್ಸು ಬರಲಿಲ್ಲ. ಆಚಾರಿಯವರು ಕುಂಬನ್ನು ಓರೆಯಾಗಿ ಕೊಯ್ದು, ಹಳೆಯ ಮತ್ತಿಮರದ ತುಂಡನ್ನು ಅದೇ ಓರೆಗೆ ಕೂರಿಸಿ, ಮರದ ಬೆಣೆ ಹೊಡೆದು, ಎರಡು ಸ್ಟೇನ್‌ಲೆಸ್ ಬೋಲ್ಟ್ ಹಾಕಿದರು. ಪಕಾಸಿನ ಎತ್ತರ ಐದು ಇಂಚಾದರೆ ಜೋಡಣೆಯ ಉದ್ದ ಕನಿಷ್ಠ ಹದಿನೈದು ಇಂಚು ಇರಬೇಕು ಎಂಬುದು ಅವರ ಲೆಕ್ಕ. ಮಾಮೂಲಿ ಕಬ್ಬಿಣ ಬೇಡ, ಈ ಗಾಳಿಗೆ ತುಕ್ಕು ಹಿಡಿದು ಉಬ್ಬಿ ಮರವನ್ನೇ ಸೀಳುತ್ತದೆ.

ನಾಲ್ಕನೆಯ ಹಲಗೆ

ಇದನ್ನು ಬರೆಯಲು ಈಗಲೂ ಬೇಸರ. ಹಲಗೆಗಳ ಮೇಲೆ ಎಷ್ಟೋ ವರ್ಷದ ಎಣ್ಣೆಬಣ್ಣ ದಪ್ಪಗೆ ಕೂತಿತ್ತು, ಹಸಿರಿನ ಮೇಲೆ ಕಂದು, ಅದರ ಮೇಲೆ ಮತ್ತೆ ಹಸಿರು. ಬಣ್ಣ ತೆಗೆಯಲು ಒಬ್ಬ ಹುಡುಗನಿಗೆ ಒಪ್ಪಿಸಿ ನಾನು ಹುಬ್ಬಳ್ಳಿಗೆ ಹೋದೆ. ಹೇಗೆ ತೆಗೆಯಬೇಕು ಎಂದು ಹೇಳಿ ಹೋಗಿರಲಿಲ್ಲ, ತಪ್ಪು ನನ್ನದು. ಅವನು ಗ್ರೈಂಡರಿಗೆ ಮರಳುಕಾಗದದ ತಟ್ಟೆ ಸಿಕ್ಕಿಸಿ ಒಂದು ಹಲಗೆಯನ್ನು ಹೊಸ ಮರದ ಹಾಗೆ ನುಣ್ಣಗೆ ಮಾಡಿಟ್ಟಿದ್ದ.

ಉಳಿದ ಹತ್ತನ್ನು ಬಿಸಿಗಾಳಿಯ ಯಂತ್ರ ಮತ್ತು ಚೂರಿಯಲ್ಲಿ ನಾನೇ ಕೂತು ಬಿಡಿಸಿದಾಗ ಗೊತ್ತಾಯಿತು, ಏನು ಹೋಯಿತೆಂದು. ಪ್ರತಿ ಹಲಗೆಯ ಒಳಮೈಯಲ್ಲಿ, ಮೇಲ್ತುದಿಯಿಂದ ಒಂದು ಗೇಣು ಕೆಳಗೆ, ಉಳಿಯಲ್ಲಿ ಕೊರೆದ ಕನ್ನಡ ಅಂಕಿ ಇತ್ತು. ೧, ೨, ೩. ಏಳನೆಯದರಲ್ಲಿ ಮಾತ್ರ ನಾಗರಿಯ ७. ಆ ಒಂದು ಹಲಗೆ ಬೇರೆ ಮರ, ಬೇರೆ ಕೈ. ಯಾವಾಗಲೋ ಮುರಿದು ಬೇರೊಬ್ಬ ಆಚಾರಿ ಮಾಡಿಕೊಟ್ಟಿರಬೇಕು. ಹಲಗೆಗಳ ಅಗಲ ಒಂದೇ ಅಲ್ಲ, ಒಂದೊಂದನ್ನೂ ಅದರದರ ಜಾಗಕ್ಕೆ ಕೀಸಿ ಕೂರಿಸಿದ್ದಾರೆ, ಅದಕ್ಕೇ ಅಂಕಿ. ಅಜ್ಜ ದೀಪವಿಲ್ಲದ ರಾತ್ರಿಯಲ್ಲೂ ತಪ್ಪದೆ ಜೋಡಿಸುತ್ತಿದ್ದದ್ದು ಹೇಗೆ ಎಂಬುದು ಆಗ ತಿಳಿಯಿತು. ಅಂಕಿಯ ಅಂಚುಗಳು ಬೆರಳು ತಾಗಿ ತಾಗಿ ನಯವಾಗಿದ್ದವು. ಕಣ್ಣು ಮುಚ್ಚಿ ಸವರಿ ನೋಡಿದೆ, ೩ ಮತ್ತು ೫ ಬೆರಳಿಗೇ ಗೊತ್ತಾಗುತ್ತವೆ.

ನುಣ್ಣಗಾದ ಹಲಗೆ ನಾಲ್ಕನೆಯದು. ಅಣ್ಣ, “ಮತ್ತೊಂದು ೪ ಕೊರೆಸಿದರಾಯಿತು” ಎಂದ. ಹಳೆಯದೇ ಎನ್ನುವ ಹಾಗೆ ಕೊರೆಸಲು ನಾನು ಒಪ್ಪಲಿಲ್ಲ. ಆಚಾರಿಯವರೇ ದಾರಿ ಹೇಳಿದರು: ಹಳೆಯ ಅಂಕಿಯ ಜಾಗ ಖಾಲಿ ಇರಲಿ, ಅದರ ಕೆಳಗೆ ನಾಲ್ಕು ಬೆರಳು ಬಿಟ್ಟು ೪, ಪಕ್ಕದಲ್ಲಿ ಸಣ್ಣದಾಗಿ ೨೦೨೪. ಮುಂದೆ ನೋಡುವವರಿಗೆ ಯಾವುದು ಹೊಸತು ಎಂದು ತಿಳಿಯಲಿ.

ಗಲ್ಲಾಪೆಟ್ಟಿಗೆಯ ಹಿಂದಿನ ಲೆಕ್ಕ

ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಡಿಸ್ಟೆಂಪರ್ ಎಬ್ಬಿಸುವಾಗ ಸುಣ್ಣದ ಪದರದ ಮೇಲೆ ಇದ್ದಲಿನ ಗೀಟುಗಳು ಕಂಡವು. ನಾಲ್ಕು ಉದ್ದ ಗೀಟು, ಮೇಲೆ ಒಂದು ಅಡ್ಡ, ಹೀಗೆ ಆರು ಕಟ್ಟು. ಪಕ್ಕದಲ್ಲಿ ‘ಮಣ’ ಎಂದೂ, ಕೆಳಗೆ ‘೧೨ ಆಣೆ’ ಎಂದೂ ಓದಬಹುದು. ಆಣೆಯ ಲೆಕ್ಕ ಅಧಿಕೃತವಾಗಿ ಮುಗಿದದ್ದು 1957ರಲ್ಲಿ ನಯಾಪೈಸೆ ಬಂದಾಗ, ಮಣ–ಸೇರು ಹೋಗತೊಡಗಿದ್ದು 1958ರಿಂದ ಮೆಟ್ರಿಕ್ ತೂಕ ಹಂತಹಂತವಾಗಿ ಜಾರಿಗೆ ಬಂದಾಗ. ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಆ ಗೀಟೆಳೆದ ದಿನ ಅಂಗಡಿ ಬಹುಶಃ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಸುತ್ತಲಿನ ಗೋಡೆಗೆಲ್ಲ ಸುಣ್ಣ ಬಳಿದು, ಅಷ್ಟು ಜಾಗವನ್ನು ಮುಟ್ಟದೆ ಬಿಟ್ಟಿದ್ದೇವೆ. ಮೂವತ್ತು ಚೀಲ ಯಾವುದೆಂದು ಊಹಿಸುತ್ತ ಅತ್ತಿಗೆಯೂ ಅಣ್ಣನೂ ಅರ್ಧ ದಿನ ಅಲ್ಲೇ ನಿಂತಿದ್ದರು. ಅಡಿಕೆ ಎಂದು ಅಣ್ಣ, ಅಕ್ಕಿ ಎಂದು ಅತ್ತಿಗೆ.

ಮಳೆ

ಈ ಊರಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್ ಎರಡನೆಯ ವಾರ ರಾತ್ರಿಯಿಡೀ ಹೊಡೆದಾಗ ಬೆಳಿಗ್ಗೆಯೇ ಫೋನ್ ಮಾಡಿದೆ. ಒಂದು ಕಡೆ ಸೋರಿದೆ, ಪಕ್ಕದ ಕಟ್ಟಡಕ್ಕೆ ತಾಗುವ, ಮಾಡಿನ ನೀರು ಇಳಿಯುವ ಕಣಿವೆಯ ತಗಡಿನ ಹತ್ತಿರ. ಅದನ್ನು ಮುಂದಿನ ವಾರ ಎರಡು ಬೆರಳು ಹೆಚ್ಚು ಮಡಿಸಿ ಸರಿ ಮಾಡಿದೆವು. ಹಿಂಗೋಡೆ ತೇವ ಹೀರಿದೆ, ಒಂದಡಿಯವರೆಗೆ ಬಣ್ಣ ಕಪ್ಪಾಗಿದೆ. ಆದರೆ ಮಳೆ ಎರಡು ದಿನ ಬಿಟ್ಟರೆ ಮತ್ತೆ ಬಿಳಿಯಾಗುತ್ತದೆ. ಹಿಟ್ಟು ಉದುರಿಲ್ಲ. ಅಣ್ಣ ಆ ನಕ್ಷೆಯ ಮಾತನ್ನು ಮತ್ತೆ ಎತ್ತಲಿಲ್ಲ. ಆಗಸ್ಟಿನಲ್ಲಿ ಅತ್ತಿಗೆ ಅಲ್ಲಿ ಕೋಕಂ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ ಇಟ್ಟು ಅಂಗಡಿ ತೆರೆದರು.

ಚೌತಿಯ ಹೊತ್ತಿಗೆ ಆರನೆಯ ಹಲಗೆ ಉಬ್ಬಿ ಜಾಗಕ್ಕೆ ಕೂರಲೇ ಇಲ್ಲ. ಒಂದು ಬದಿ ಸ್ವಲ್ಪ ಕೀಸಿಬಿಡೋಣ ಎಂದು ಆಚಾರಿಯವರಿಗೆ ಫೋನ್ ಮಾಡಿದೆ. “ಕೀಸಬೇಡ ತಮಾ. ದೀಪಾವಳಿಗೆ ತನ್ನಷ್ಟಕ್ಕೇ ಇಳೀತದೆ. ಈಗ ಕೀಸಿದ್ರೆ ಬೇಸಿಗೇಲಿ ಸಂದಿ ಬಿಡ್ತದೆ” ಎಂದರು. ಅಲ್ಲಿಯವರೆಗೆ ಆ ಜಾಗಕ್ಕೆ ಒಂದು ಸಾದಾ ಹಲಗೆ ಕೊಯ್ದು ಹಾಕಿದ್ದೇವೆ. ಅಣ್ಣನ ಮಗ ಅದರ ಒಳಮೈಗೆ, ಮೇಲಿನಿಂದ ಒಂದು ಗೇಣು ಅಳೆದು, ಸೀಮೆಸುಣ್ಣದಲ್ಲಿ ೬ ಬರೆದಿಟ್ಟಿದ್ದಾನೆ.